ರಕ್ತದಲ್ಲೇ ಬಂದದ್ದು

ಮಗಳು ಚೆನ್ನಾಗಿ ಹಾಡಿದರೆ ನಮ್ಮ ಹಿರಿಯರು ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅನ್ನುತ್ತಾರೆ. ಮಗ ಹೊತ್ತೇರುವವರೆಗೆ ಹೊದ್ದು ಮಲಗಿದ್ದರೆ ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಅನ್ನುತ್ತಾರೆ. ಮೊದಲನೆಯದು ಹುಟ್ಟಿನ ಮಾತು, ಎರಡನೆಯದು ಬೆಳೆಸಿದವರ ಮಾತು. ಒಂದೇ ಜಗುಲಿಯ ಮೇಲೆ ಒಂದೇ ಸಂಜೆ ಎರಡನ್ನೂ ಕೇಳಿ ಬೆಳೆದವನು ನಾನು. ಧಾರವಾಡ ಸೀಮೆಯ ಹಾಡುಗಾರರ ಬದುಕನ್ನು ಓದುವಾಗಲೆಲ್ಲ ಆ ಎರಡೂ ಗಾದೆ ಸಾಲದೆನ್ನಿಸುತ್ತದೆ.

ಗಂಗೂಬಾಯಿ ಹಾನಗಲ್ಲರನ್ನೇ ನೋಡಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಹಾಡುಗಾರ್ತಿ. ರಕ್ತದಲ್ಲೇ ಇತ್ತು ಎಂದು ಮಾತು ಮುಗಿಸಬಹುದು. ಆದರೆ ಮಗಳ ಮನಸ್ಸು ಹಿಂದುಸ್ತಾನಿಯ ಕಡೆ ವಾಲಿದ್ದನ್ನು ಕಂಡ ಆ ತಾಯಿ, ಎರಡು ಪದ್ಧತಿ ಬೆರೆತು ಅವಳ ಹಾಡು ಕೆಡಬಾರದೆಂದು, ತಮ್ಮ ಹಾಡನ್ನೇ ನಿಲ್ಲಿಸಿದರು. ತನಗೆ ಬರುವುದನ್ನು ಮಕ್ಕಳಿಗೆ ಕಲಿಸಬೇಕೆಂದು ಹಂಬಲಿಸುವ ತಂದೆತಾಯಿ ಎಲ್ಲೆಡೆ ಇದ್ದಾರೆ. ತನಗೆ ಬರುವುದನ್ನು ಮಗಳಿಗಾಗಿ ಕೈಬಿಟ್ಟವರು ಎಷ್ಟು ಜನ? ನನ್ನ ಮಟ್ಟಿಗೆ ಗಂಗೂಬಾಯಿಯವರಿಗೆ ಮನೆಯಿಂದ ಸಿಕ್ಕ ಅತಿ ದೊಡ್ಡ ಪಾಠ ಅದೇ.

ಆಮೇಲೆ ಕುಂದಗೋಳದ ರೈಲು. ಹುಬ್ಬಳ್ಳಿಯಲ್ಲಿ ಹತ್ತಿ, ಕುಂದಗೋಳದಲ್ಲಿ ಇಳಿದು, ಗುರು ಸವಾಯಿ ಗಂಧರ್ವರ ಮುಂದೆ ಕೂತು, ಹೇಳಿಕೊಟ್ಟ ಚೂರನ್ನೇ ಮತ್ತೆಮತ್ತೆ ತಿದ್ದಿಕೊಂಡು, ಮತ್ತೆ ರೈಲು ಹಿಡಿದು ಮನೆ ಸೇರುವುದು. ದಾರಿಯಲ್ಲಿ ಕುಹಕದ ಮಾತಾಡುವವರೂ ಇದ್ದರು. ಇದಕ್ಕೆಲ್ಲ ಯಾವ ರಕ್ತ ಸಾಕಾದೀತು? ಇನ್ನು ನಾವೆಲ್ಲ ಬಲ್ಲ ಆ ಗಡಸು, ಗಂಭೀರ ದನಿ ತಾಯಿಯಿಂದ ಬಂದದ್ದೂ ಅಲ್ಲ, ರಿಯಾಜಿನಿಂದ ಬಂದದ್ದೂ ಅಲ್ಲ. ಮೊದಲಿಗೆ ಅವರದು ತೆಳು ದನಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅದು ಹಾಗಾಯಿತು. ಹುಟ್ಟು, ಬೆಳವಣಿಗೆ ಎರಡರ ಲೆಕ್ಕಕ್ಕೂ ಸಿಗದೆ ಬಂದು ಸೇರಿಕೊಂಡದ್ದು ಅದು. ಬಂದದ್ದನ್ನು ಅವರು ತಮ್ಮದಾಗಿಸಿಕೊಂಡರು.

ಭೀಮಸೇನ ಜೋಶಿಯವರ ಕಥೆ ಬೇರೆಯದೇ. ಎಳವೆಯಲ್ಲಿ ಭಜನೆಯವರ ಹಿಂದೆಯೋ ಬ್ಯಾಂಡಿನವರ ಹಿಂದೆಯೋ ಹೋಗಿಬಿಡುತ್ತಿದ್ದ ಹುಡುಗ, ದಣಿದು ಎಲ್ಲೋ ಮಲಗಿರುತ್ತಿದ್ದ. ಹುಡುಕಿ ಸಾಕಾದ ತಂದೆ, ಶಾಲಾ ಮಾಸ್ತರರು, ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದೇ ಬರೆದರು, ಕಂಡವರು ಮನೆ ಮುಟ್ಟಿಸಲಿ ಎಂದು. ಆ ಮನೆಯಲ್ಲಿ ಹದಿನಾರು ಮಕ್ಕಳು. ಅದೇ ತಂದೆಯ ಮಕ್ಕಳು, ಅದೇ ಅಡುಗೆಮನೆಯಲ್ಲಿ ಉಂಡವರು. ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿ, ಹನ್ನೊಂದರ ಪ್ರಾಯದಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದವನು ಒಬ್ಬನೇ. ಅಲೆದಲೆದು ಕೊನೆಗೆ ಸೇರಿದ್ದು ಅದೇ ಕುಂದಗೋಳದ ಗುರುವಿನ ಮನೆ.

ವಿಜ್ಞಾನಿಗಳು ಈ ಗಂಟನ್ನು ಬಿಡಿಸಲು ಅವಳಿಗಳ ಹಿಂದೆ ಬಿದ್ದರು. ಅಮೆರಿಕದ ಮಿನ್ನೆಸೋಟಾದಲ್ಲಿ ಥಾಮಸ್ ಬುಷಾರ್ಡ್ 1979ರಲ್ಲಿ ಶುರುಮಾಡಿದ ಅಧ್ಯಯನದ ಮೊದಲ ಜೋಡಿ, ನಾಲ್ಕು ವಾರದ ಕೂಸುಗಳಾಗಿದ್ದಾಗ ಬೇರೆಬೇರೆ ಮನೆಗೆ ದತ್ತು ಹೋದ ಅವಳಿಗಳು. 39ನೇ ವಯಸ್ಸಿನಲ್ಲಿ ಒಬ್ಬರನ್ನೊಬ್ಬರು ಕಂಡಾಗ ಇಬ್ಬರಿಗೂ ಮರಗೆಲಸದ ಹುಚ್ಚು, ಇಬ್ಬರೂ ಪೊಲೀಸ್ ಕೆಲಸಕ್ಕೆ ಹತ್ತಿರದ ಒಂದೇ ಬಗೆಯ ಚಾಕರಿ ಮಾಡಿದ್ದವರು. ಐವತ್ತು ವರ್ಷಗಳ ಅವಳಿ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ 2015ರ ವರದಿಯೊಂದು, ಜನರ ನಡುವಿನ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸರಾಸರಿ ಶೇ. 49 ಎಂದಿತು. ಇದನ್ನು ನಂಬುತ್ತೇನೆ. ಆದರೆ ಆ ಲೆಕ್ಕ ಜನಸಮೂಹದ್ದು, ಒಬ್ಬ ಮನುಷ್ಯನದಲ್ಲ. ತಟ್ಟೆಗೆ ಬಿದ್ದ ಜೋಳದ ರೊಟ್ಟಿಯಲ್ಲಿ ಹಿಟ್ಟಿನ ಪಾಲೆಷ್ಟು, ಬಡಿದ ಕೈಯ ಪಾಲೆಷ್ಟು ಎಂದು ಕೇಳಿದರೆ ಏನು ಹೇಳುವುದು?

ಕಷ್ಟಪಟ್ಟು ದುಡಿಯುವ ಗುಣವೂ ಅಷ್ಟಿಷ್ಟು ಹುಟ್ಟಿನಿಂದಲೇ ಬರುತ್ತದೆ ಎನ್ನುತ್ತವೆ ಇದೇ ಅಧ್ಯಯನಗಳು. ಹಾಗಿದ್ದಮೇಲೆ ‘ನಾನು ದುಡಿದೆ, ಮೇಲೆ ಬಂದೆ, ಅವನು ಮೈಗಳ್ಳ, ಅಲ್ಲೇ ಉಳಿದ’ ಎನ್ನುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು. ದುಡಿಯುವ ಶಕ್ತಿಯೂ, ದುಡಿದದ್ದಕ್ಕೆ ಫಲ ಸಿಕ್ಕೀತೆಂಬ ಭರವಸೆಯೂ ಬಹುಪಾಲು ಬೇರೆಯವರು ಕೊಟ್ಟದ್ದೇ.

ನಮ್ಮ ನಾಡಿನಲ್ಲಂತೂ ರಕ್ತದ ಮಾತಿಗೆ ಇನ್ನೊಂದು ಮುಖವಿದೆ. ಕುಲಕಸುಬೆಂಬ ಹೆಸರಿನಲ್ಲಿ ಯಾರು ಏನು ಮಾಡಬೇಕೆಂದು ತೊಟ್ಟಿಲಲ್ಲೇ ಗೊತ್ತುಮಾಡಿ, ಆಮೇಲೆ ಅದನ್ನೇ ಹುಟ್ಟುಗುಣವೆಂದು ಕರೆದೆವು. ಮಗ್ಗದ ಸದ್ದಿನಲ್ಲೇ ಬೆಳೆದ ಮಗುವಿನ ಬೆರಳಿಗೆ ನೂಲು ಒಲಿಯುವುದಕ್ಕೆ ರಕ್ತದ ಸಾಕ್ಷಿ ಬೇಕಿಲ್ಲ. ಅದೇ ಮಗುವಿನ ಕೈಗೆ ಸಿತಾರು ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಯಾರೂ ನೋಡಲಿಲ್ಲ. ಹಾಡುಗಾರ ಮಲ್ಲಿಕಾರ್ಜುನ ಮನ್ಸೂರರ ತಂದೆ ರೈತರು, ಹೊಲ ನಂಬಿದವರು. ಅವರ ಮಗ ನಾಟಕದ ಕಂಪನಿಯ ದಾರಿಯಿಂದ ಸಂಗೀತಕ್ಕೆ ಬಂದರು. ಆ ಬಾಗಿಲು ತೆರೆದಿರದಿದ್ದರೆ ಅಂಥ ಕಂಠವೊಂದಿತ್ತೆಂಬುದೇ ನಮಗೆ ತಿಳಿಯುತ್ತಿರಲಿಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ, ತಂದೆತಾಯಿಗಳಲ್ಲಿ ಒಂದು ವಿನಂತಿ. ಹಾಡಿನ ಹಿಂದೆಯೋ, ಯಂತ್ರದ ಹಿಂದೆಯೋ, ಹುಳಹುಪ್ಪಟೆಯ ಹಿಂದೆಯೋ ಹೋಗಿ ಮನೆಯ ದಾರಿ ಮರೆಯುವ ಮಗು ನಿಮ್ಮಲ್ಲಿದ್ದರೆ, ‘ನಮ್ಮ ವಂಶದಲ್ಲಿ ಯಾರಿಗೂ ಇದು ಇರಲಿಲ್ಲವಲ್ಲ’ ಎನ್ನಬೇಡಿ. ಮೊದಲು ಅದಕ್ಕೊಬ್ಬ ಗುರುವನ್ನು ಹುಡುಕಿಕೊಡಿ.