ಕೈ ಆಡಿದರೆ ಬಾಯಿಗೆ ಹಾಡು

ಪುಷ್ಯ ಮಾಸ ಬಂತೆಂದರೆ ಸಂಗೀತದ ಹುಚ್ಚಿರುವವರು ತಿರುವೈಯಾರಿನ ಕಡೆ ಮುಖ ಮಾಡುತ್ತಾರೆ. ನಾನು ಬೀದರ್‌ನಲ್ಲಿ ಜಹೀರಾಬಾದ್ ಬಸ್ಸು ಹತ್ತಿದೆ. ಅದರ ಪಕ್ಕದ ಪಸ್ತಾಪುರದಲ್ಲಿ ಸಭಾಭವನವಿಲ್ಲ, ಕಛೇರಿಯಿಲ್ಲ. ಆದರೂ ಅಲ್ಲಿ ಕೇಳಿದಷ್ಟು ಹಾಡನ್ನು ನಾನು ಯಾವ ದೊಡ್ಡ ಊರಿನಲ್ಲೂ ಕೇಳಿಲ್ಲ.

ಹಾಡೆಲ್ಲ ಬೀಜದ್ದು. ಸಂಕ್ರಾಂತಿಗೆ ಇಲ್ಲಿ ‘ಪಾತ ಪಂಟಲ ಜಾತರ’ ಶುರುವಾಗುತ್ತದೆ, ಅಂದರೆ ಹಳೆಯ ಬೆಳೆಗಳ ಜಾತ್ರೆ. ಸಿಂಗರಿಸಿದ ಎತ್ತಿನ ಗಾಡಿಗಳಲ್ಲಿ ಜೋಳ, ಸಜ್ಜೆ, ನವಣೆ, ಸಾವೆ, ತೊಗರಿ, ಹುರುಳಿ, ಅಗಸೆಗಳ ಬೀಜ ತುಂಬಿದ ಬುಟ್ಟಿ, ಗಡಿಗೆ. ಸುಮಾರು ಒಂದು ತಿಂಗಳು ಊರೂರು ತಿರುಗಿ ಕೊನೆಗೆ ಮಾಚನೂರು ಸೇರುತ್ತವೆ. ಎರಡು ದಶಕಕ್ಕೂ ಮಿಗಿಲಾಗಿ ನಡೆದುಬಂದ ಜಾತ್ರೆ ಇದು. ಗಾಡಿ ಊರ ಬಾಗಿಲಿಗೆ ಬರುತ್ತಿದ್ದಂತೆ ಡಪ್ಪಿನ ಪೆಟ್ಟು ಬೀಳುತ್ತದೆ, ಹೆಂಗಸರು ಆರತಿ ಹಿಡಿದು ಬರುತ್ತಾರೆ, ಒಬ್ಬಾಕೆ ಎತ್ತಿಕೊಡುತ್ತಾಳೆ, ಉಳಿದವರೆಲ್ಲ ಒಟ್ಟಿಗೆ ಹಿಡಿಯುತ್ತಾರೆ. ಆ ಮೊದಲ ಏರುದನಿಗೆ ನನ್ನ ಮೈ ಜುಮ್ಮೆಂದಿತು. ಯಾರು ಗಾಯಕರು, ಯಾರು ಶ್ರೋತೃಗಳು ಎಂದು ಬೇರೆ ಮಾಡಲು ಸಾಧ್ಯವೇ ಇರಲಿಲ್ಲ.

ಮಧ್ಯಾಹ್ನ ಗಾಡಿಗಳು ನಿಂತಾಗ ನೆರಳಲ್ಲಿ ಕುಳಿತಿದ್ದ ಮುದುಕಿಯ ಹತ್ತಿರ ಹೋದೆ. ಆಕೆಯ ತವರು ಬೀದರ್ ಸೀಮೆ, ಮಾತು ನಮ್ಮದೇ.

“ಏನ್ ಕೇಳ್ಲಿಕ್ ಬಂದೀರಿ ಯಪ್ಪಾ?”

“ಹಾಡು ಕೇಳ್ಲಿಕ್ ಬಂದೀನಿ ಯವ್ವಾ. ಒಂದು ಹೇಳ್ತೀರೇನು?”

“ಸುಮ್ನ ಕುಂತು ಹಾಡಂದ್ರ ಬರಂಗಿಲ್ಲ. ತಡೀರಿ, ಮೊರ ತರ್ತೀನಿ.”

ಮೊರ ಬಂತು, ಅದರ ತುಂಬ ನವಣೆ. ಮಣಿಕಟ್ಟು ಒಂದು ಸಲ ಕುಣಿಯಿತು, ಹೊಟ್ಟು ಹಾರಿತು, ಕಾಳು ‘ಝಳ್’ ಎಂದು ಹಿಂದಕ್ಕೆ ಬಿತ್ತು. ನಾಲ್ಕನೆಯದೋ ಐದನೆಯದೋ ಕೇರಿಗೆ ಹಾಡು ತಾನಾಗಿ ಬಂತು. ತಾಳ ಮೊರದ್ದೇ. ಕೈ ನಿಂತರೆ ಸಾಲೂ ನಿಲ್ಲುತ್ತಿತ್ತು. ಮೊದಲು ತೆಲುಗು, ನಡುವೆ ಕನ್ನಡ, ಒಂದೆರಡು ಕಡೆ ದಖನಿ ಉರ್ದು. ರಾಗ ಮಾತ್ರ ಎಲ್ಲೂ ಮುರಿಯಲಿಲ್ಲ. ಯಾವ ಬೆಳೆಯ ಮಗ್ಗುಲಿಗೆ ಯಾವುದನ್ನು ಬಿತ್ತಬೇಕು, ಯಾವ ಕಾಳಿಗೆ ಬೂದಿ ಬೆರೆಸಿಡಬೇಕು, ಯಾವುದಕ್ಕೆ ಬೇವಿನ ಎಲೆ, ಎಲ್ಲವೂ ಅದರಲ್ಲಿತ್ತು. ಒಂದೇ ಹೊಲದಲ್ಲಿ ಇಪ್ಪತ್ತರಷ್ಟು ಬೆಳೆ ತೆಗೆಯುವ ಈ ಹೆಂಗಸರಲ್ಲಿ ಹಿರಿಯರಾದ ಅನೇಕರಿಗೆ ಓದುಬರಹ ಬಾರದು. ಆ ಲೆಕ್ಕವನ್ನೆಲ್ಲ ಹಾಡೇ ಹೊತ್ತುಕೊಂಡಿದೆ.

ಇವರನ್ನು ಊರೂರಿನ ಸಂಘಗಳಾಗಿ ಒಗ್ಗೂಡಿಸಿದ್ದು 1983ರಲ್ಲಿ ಹುಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನವರಾದ ಪಿ.ವಿ. ಸತೀಶ್. ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಿಸುತ್ತಿದ್ದ ಅವರು ಈ ಕೆಂಪು ನೆಲಕ್ಕೆ ಬಂದು ಇಲ್ಲಿಯವರೇ ಆಗಿಹೋದರು. 2023ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆ ನಡೆದದ್ದೂ ಪಸ್ತಾಪುರದಲ್ಲೇ. ಕ್ಯಾಮರಾ, ಮೈಕು ಹಳ್ಳಿಯ ಹೆಂಗಸರ ಕೈಗೇ ಹೋಗಬೇಕು ಎಂಬುದು ಅವರ ಹಟವಾಗಿತ್ತು. ಆ ಹಟಕ್ಕೆ ನಾನು ಕೈಮುಗಿಯುತ್ತೇನೆ. ಹೊರಗಿನವರು ಬಂದು ಜನಪದ ಹಾಡು ಸಂಗ್ರಹಿಸಿ ಪುಸ್ತಕ ಮಾಡಿದ್ದನ್ನು ನಾವು ಬಹಳ ಕಂಡಿದ್ದೇವೆ. ಹಾಡಿದವರೇ ತಮ್ಮ ಹಾಡನ್ನು ಬಿತ್ತರಿಸಿದ್ದನ್ನು ಎಷ್ಟು ಕಡೆ ಕಂಡಿದ್ದೇವೆ?

ಅದನ್ನು ನೋಡಲೆಂದೇ ಝರಾಸಂಗಂ ಮಂಡಲದ ಮಾಚನೂರಿಗೆ ಹೋದೆ. 90.4 ಎಫ್‌ಎಂ, ಸಂಘಂ ರೇಡಿಯೊ. 1990ರ ದಶಕದ ಕೊನೆಯಲ್ಲೇ ಯುನೆಸ್ಕೊ ನೆರವಿನಿಂದ ಧ್ವನಿಮುದ್ರಣದ ಸಲಕರಣೆ ಬಂದಿತ್ತು. ಪರವಾನಗಿ ಮಾತ್ರ ಇರಲಿಲ್ಲ. ಹೆಂಗಸರು ಕೈಕಟ್ಟಿ ಕೂರಲಿಲ್ಲ. ಹಾಡು, ಮಾತು, ಕಥೆಗಳನ್ನು ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸುತ್ತ ಹೋದರು. ಗಾಳಿಯ ತರಂಗ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಸ್ವಯಂಸೇವಾ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನೀತಿಯಿಂದ. 2008ರ ಅಕ್ಟೋಬರ್ 15ರಂದು ಈ ನಿಲಯ ಗಾಳಿಗೆ ಬಂದಾಗ ಉದ್ಘಾಟಿಸಿದವರು ಆ ತೀರ್ಪು ಬರೆದ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರೇ! ನಡೆಸಲು ನಿಂತವರು ಇಬ್ಬರು ದಲಿತ ಯುವತಿಯರು, ‘ಜನರಲ್’ ನರಸಮ್ಮ ಮತ್ತು ಅಲ್ಗೋಲ್ ನರಸಮ್ಮ.

ಸಂಜೆ ಏಳಕ್ಕೆ ಪ್ರಸಾರ. ಹೊಲದಿಂದ ಬಂದು, ಒಲೆ ಹಚ್ಚಿ, ರೇಡಿಯೊ ತಿರುಗಿಸುವ ಹೊತ್ತು. ಬಿತ್ತನೆಯ ಮಾತು, ಮನೆಮದ್ದು, ನಡುನಡುವೆ ಹಾಡು. ಬತುಕಮ್ಮ ಹಬ್ಬದ ಹಾಡೊಂದು ಬಂತು. ಸಾಲಿನ ಕೊನೆಗೆಲ್ಲ ಅದೇ ಪಲ್ಲವಿ, ಅದರೊಂದಿಗೇ ಚಪ್ಪಾಳೆ, ಸುತ್ತುವ ಕಾಲುಗಳ ಸಪ್ಪಳ. ಕೇಳುತ್ತಿದ್ದಂತೆ ನನ್ನ ಕಿವಿಗೆ ಸೀಗಿ ಹುಣ್ಣಿಮೆಯ ಸುತ್ತ ಬೀದರ್ ಕಡೆ ಹೆಣ್ಣುಮಕ್ಕಳು ಆಡುವ ಭುಲಾಯಿ ಬಂದು ಕೂತಿತು. ಅದೇ ಸುತ್ತು, ಅದೇ ಚಪ್ಪಾಳೆ, ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿಯುವ ಅದೇ ಕ್ರಮ.

ಔರಾದ್, ಭಾಲ್ಕಿ, ಚಿಂಚೋಳಿಯ ಅಜ್ಜಿಯರಲ್ಲಿ ಭುಲಾಯಿ ಪದ ಇನ್ನೂ ಬಾಯಲ್ಲಿರುವವರು ಎಷ್ಟು ಮಂದಿಯೋ. ಅವರ ಮುಂದೆ ಇಂಥದ್ದೊಂದು ಮೈಕು ಇಡಬೇಕು, ಇಡುವವರು ಅವರ ಮೊಮ್ಮಕ್ಕಳೇ ಆಗಿರಬೇಕು. ಹೇಗೆಂದು ಕೇಳುವವರು ಬರುವ ಸಂಕ್ರಾಂತಿಗೆ ಬೀದರ್‌ನಿಂದ ಬಸ್ಸು ಹತ್ತಲಿ, ಬರೀ ಮೂವತ್ತು ಕಿಲೋಮೀಟರಿನ ದಾರಿ.