ಹಳದಿ ಉರಿ

ಮಿನಿಯಾಪೊಲಿಸ್ ಹೊರವಲಯದಲ್ಲಿ ನಾವು ಮನೆ ಕೊಂಡಾಗ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ನಡುಮನೆಯ ಗ್ಯಾಸ್ ಫೈರ್‌ಪ್ಲೇಸ್. ಗಾಜಿನ ಹಿಂದೆ ಸೌದೆಯಂತೆಯೇ ಕಾಣುವ ಸೆರಾಮಿಕ್ ಕೊರಡುಗಳು, ಅವುಗಳ ಕೆಳಗೆ ಬರ್ನರ್. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲವೆಲ್ಲ ಬಚ್ಚಲ ಒಲೆಯ ಮುಂದೆ ಕೂತು ಬೆಳೆದವನು ನಾನು. ಇಲ್ಲೂ ಬೆಂಕಿ ಇರುವ ಮನೆ ಸಿಕ್ಕಿತಲ್ಲ ಎಂದು ಸಂತೋಷಪಟ್ಟಿದ್ದೆ. ಅದೇ ಬೆಂಕಿಯ ವಿಷಯದಲ್ಲಿ ನಾನು ಮಾಡಿದ ತಪ್ಪಿನಿಂದ ಆರು ವರ್ಷದ ಮಗಳಿಗೆ ಏನು ಬೇಕಾದರೂ ಆಗಬಹುದಿತ್ತು. ಎರಡು ವರ್ಷ ಯಾರಿಗೂ ಹೇಳಲು ಬಾಯಿ ಬಂದಿರಲಿಲ್ಲ.

ಈ ಬಗೆಯ ಫೈರ್‌ಪ್ಲೇಸಿನಲ್ಲಿ ಮೊದಲು ಹೊತ್ತಿಸಬೇಕಾದ್ದು ಪೈಲಟ್ ಎಂಬ ಬೆರಳುದ್ದದ ಉರಿ. ನಾಬನ್ನು ಪೈಲಟ್‌ಗೆ ತಿರುಗಿಸಿ, ಒತ್ತಿ ಹಿಡಿದು, ಕಿಡಿ ಹಾರಿಸುವ ಗುಂಡಿಯನ್ನು ಟಕ್ ಟಕ್ ಎನ್ನಿಸಬೇಕು. ಉರಿ ಹತ್ತಿದ ಮೇಲೂ ಅರ್ಧ ನಿಮಿಷ, ಕೆಲವೊಮ್ಮೆ ಒಂದು ನಿಮಿಷ ನಾಬ್ ಬಿಡುವಂತಿಲ್ಲ. ಉರಿಯೊಳಗೆ ಮೂತಿ ಚಾಚಿಕೊಂಡಿರುವ ಥರ್ಮೋಕಪಲ್ ಎಂಬ ಕಡ್ಡಿ ಕಾದು 25–30 ಮಿಲಿವೋಲ್ಟ್ ಹುಟ್ಟಿಸುತ್ತದೆ. ಅಷ್ಟೇ ಸಾಕು, ವಾಲ್ವಿನೊಳಗಿನ ಪುಟ್ಟ ವಿದ್ಯುತ್ಕಾಂತ ಅದರ ಬಲದಲ್ಲಿ ಗ್ಯಾಸಿನ ದಾರಿಯನ್ನು ತೆರೆದಿಡುತ್ತದೆ. ಉರಿ ಆರಿತೋ, ಕಡ್ಡಿ ತಣ್ಣಗಾಗಿ ದಾರಿ ತಾನೇ ಮುಚ್ಚಿಕೊಳ್ಳುತ್ತದೆ. ಪಕ್ಕದಲ್ಲೇ ಥರ್ಮೋಪೈಲ್ ಇದೆ. ಅಂಥ ಹಲವು ಜೋಡಿಗಳನ್ನು ಒಟ್ಟಿಗೆ ಪೋಣಿಸಿದ್ದು. ಅದು ಕೊಡುವ ಐನೂರರ ಆಸುಪಾಸಿನ ಮಿಲಿವೋಲ್ಟಿನಿಂದ ದೊಡ್ಡ ಬರ್ನರಿನ ವಾಲ್ವ್ ತೆರೆಯುತ್ತದೆ. ಹೊರಗಿನ ಕರೆಂಟು ಬೇಕೇ ಇಲ್ಲ. ಹಿಮಗಾಳಿಗೆ ತಂತಿ ಹರಿದು ಮನೆಯ ಫರ್ನೇಸ್ ನಿಂತರೂ ಇದು ಉರಿಯುತ್ತದೆ. ಹಾಗಾಗಿ ಅಲ್ಲಿಯವರಿಗೆ ಇದು ಬರೀ ಅಲಂಕಾರವಲ್ಲ.

ಅಕ್ಟೋಬರ್‌ನಲ್ಲಿ ಗೃಹಪ್ರವೇಶದ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಹಿಂದಿನ ದಿನ ಗಾಜು ತೆಗೆದು ಒಳಗೆ ಒರೆಸಿ, ಕೊರಡುಗಳನ್ನು ಚೆಂದ ಕಾಣುವಂತೆ ಅಡ್ಡಡ್ಡ ಜೋಡಿಸಿದೆ. ಕೆಂಡದಂತೆ ಕಾಣಲೆಂದು ಬರ್ನರಿನ ಮೇಲೆ ಹರಡುವ ಉಣ್ಣೆಯಂಥ ವಸ್ತುವನ್ನೂ ಕೈತುಂಬ ಹಾಕಿದೆ. ಎಲ್ಲಿ ಏನು ಇರಬೇಕೆಂದು ಕೈಪಿಡಿಯಲ್ಲಿ ಚಿತ್ರವೇ ಇತ್ತು. ತೆರೆದು ನೋಡಲಿಲ್ಲ.

ನವೆಂಬರ್‌ನಲ್ಲಿ ಪೈಲಟ್ ಹಟ ಹಿಡಿಯಿತು. ಹತ್ತುತ್ತದೆ, ಕೈ ಬಿಟ್ಟರೆ ಆರುತ್ತದೆ. ಓದಿದ್ದು ಎಲೆಕ್ಟ್ರಾನಿಕ್ಸ್; ಎರಡು ಲೋಹಗಳ ಬೆಸುಗೆ ಕಾದರೆ ವಿದ್ಯುತ್ ಹುಟ್ಟುತ್ತದೆಂದು ಸೀಬೆಕ್ 1821ರಲ್ಲಿ ಕಂಡುಕೊಂಡ ಪಾಠ ಕಂಠಪಾಠವಾಗಿತ್ತು. ಮಲ್ಟಿಮೀಟರ್ ಹಚ್ಚಿದೆ. ಥರ್ಮೋಪೈಲ್ 180 ತೋರಿಸಿತು. ಹಾಳಾಗಿದೆ ಎಂದು ತೀರ್ಮಾನಿಸಿ ಹೊಸದನ್ನು ತರಿಸಿ ಹಾಕಿದೆ. ಹೊಸದೂ 190 ತೋರಿಸಿತು. ಅಲ್ಲಿಗೇ ನಿಂತು ಯೋಚಿಸಬೇಕಿತ್ತು. ಹೊಸ ಕಡ್ಡಿಯೂ ಹಳೆಯದರಷ್ಟೇ ಕೊಟ್ಟರೆ ತೊಂದರೆ ಕಡ್ಡಿಯದಲ್ಲ, ಅದನ್ನು ಕಾಯಿಸುವ ಉರಿಯದು. ಮೀಟರ್ ಸುಳ್ಳು ಹೇಳಿರಲಿಲ್ಲ, ನಾನೇ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ.

ಉರಿಯನ್ನು ನೋಡಿದ್ದು ಅಮ್ಮ. ಎರಡನೇ ಮಗುವಿನ ಬಾಣಂತನಕ್ಕೆಂದು ಊರಿನಿಂದ ಬಂದಿದ್ದಳು. ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಜಿನೊಳಗೆ ಇಣುಕಿ ಹೇಳಿದಳು: "ಉರಿ ಹಳದಿ ಇದೆಯಲ್ಲೋ. ನಮ್ಮ ಸ್ಟೌವಿನ ಬರ್ನರ್ ಕಟ್ಟಿಕೊಂಡ್ರೆ ಹೀಗೇ ಆಗೋದು, ಪಾತ್ರೆ ತಳವೆಲ್ಲ ಮಸಿ. ಬಿಚ್ಚಿ ತೊಳಿ."

"ಇದು ಆ ಥರದ್ದಲ್ಲಮ್ಮ, ನಿಂಗೆ ಗೊತ್ತಾಗಲ್ಲ" ಎಂದೆ.

ಜನವರಿಯ ಒಂದು ಸಂಜೆ ಕರೆಂಟ್ ಹೋಯಿತು. ಹೊರಗೆ ಸೊನ್ನೆಗಿಂತ 24 ಡಿಗ್ರಿ ಕೆಳಗೆ. ಒಳಗೆ ಇಪ್ಪತ್ತು ದಿನದ ಕೂಸು. ಎರಡು ಗಂಟೆಯಲ್ಲಿ ಗೋಡೆಗಳು ಮುಟ್ಟಿದರೆ ಕೊರೆಯುವಷ್ಟು ತಣ್ಣಗಾದವು. ಟಾರ್ಚ್ ಹಿಡಿದು ಫೈರ್‌ಪ್ಲೇಸಿನ ಮುಂದೆ ಕೂತೆ. ಒತ್ತಿದೆ, ಆರಿತು. ಮತ್ತೆ ಒತ್ತಿದೆ, ಆರಿತು. ಎಂಟು ಸಲವೋ ಹತ್ತು ಸಲವೋ, ನಡುವೆ ಬಿಡುವೇ ಇಲ್ಲದೆ. ಬೆರಳು ಸೋತಾಗ ಇಕ್ಕಳದಿಂದ ನಾಬನ್ನು ಒತ್ತಿ ಹಿಡಿದೆ. ಹಿಂದಿನಿಂದ ಅಮ್ಮ, "ಸಿಲಿಂಡರ್ ವಾಸನೆ ಬರ್ತಿದೆ ಕಣೋ, ಸಾಕು ಬಿಡು" ಎಂದಳು.

"ಏನಿಲ್ಲ, ಸುಮ್ನಿರಮ್ಮ."

ಕೊನೆಗೆ ಪೈಲಟ್ ಹೇಗೋ ನಿಂತಿತು. ನಾಬನ್ನು ಆನ್‌ಗೆ ತಿರುಗಿಸಿ ಗೋಡೆಯ ಸ್ವಿಚ್ ಹಾಕಿದೆ. ಒಳಗೆ ಗ್ಯಾಸ್ ಬರುವ ಸುಯ್ ಸದ್ದು, ಬರ್ನರ್ ಮಾತ್ರ ಹತ್ತಲಿಲ್ಲ. ಐದಾರು ಸೆಕೆಂಡ್ ಕಳೆದಿರಬಹುದು. ಆಗಲೇ ಆಫ್ ಮಾಡಬೇಕಿತ್ತು. ನಾನು ಗಾಜಿಗೆ ಮುಖ ಹತ್ತಿರ ತಂದು ನೋಡಿದೆ. ಮಗಳು ಅಂಗೈಗಳನ್ನು ಬೆಂಕಿಯತ್ತ ಚಾಚಿ ನನ್ನ ಪಕ್ಕಕ್ಕೇ ಬಂದಳು. ಅಮ್ಮ ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಧಬ್ ಎಂದಿತು. ನೆಲ ಅದುರಿತು. ಗಾಜು ಮುಂದಕ್ಕೆ ಉಬ್ಬಿ ಮತ್ತೆ ತನ್ನ ಜಾಗಕ್ಕೆ ಬಡಿಯಿತು. ಅದನ್ನು ಸ್ಪ್ರಿಂಗಿನ ಕೊಂಡಿಗಳು ಹಿಡಿದಿರುವುದು ಇಂಥ ಹೊತ್ತಿಗೆ ಒಳಗಿನ ಒತ್ತಡ ಹೊರಹೋಗಲೆಂದೇ. ಮೂಲೆಯಿಂದ ಕೂದಲೆಳೆಯಷ್ಟು ಬಿರುಕು ಗೇಣುದ್ದ ಓಡಿತ್ತು. ಯಾರಿಗೂ ಏನೂ ಆಗಲಿಲ್ಲ. ಮಗಳು ಅಳಲೂ ಇಲ್ಲ, ನನ್ನನ್ನೇ ನೋಡುತ್ತ ನಿಂತಿದ್ದಳು.

ಗ್ಯಾಸಿನ ಕೊಳಾಯಿ ಮುಚ್ಚಿ, ಎಲ್ಲರೂ ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು, ಅಲ್ಲಿಂದ ಗ್ಯಾಸ್ ಕಂಪನಿಗೆ ಫೋನ್ ಮಾಡಿದೆವು. ಬಂದವರು ಸೋರಿಕೆ ತಪಾಸಣೆ ಮಾಡಿ, ಫೈರ್‌ಪ್ಲೇಸಿಗೆ ಬಳಸಬಾರದೆಂಬ ಕೆಂಪು ಚೀಟಿ ಕಟ್ಟಿ ಹೋದರು. ಕರೆಂಟ್ ಬಂದದ್ದು ನಡುರಾತ್ರಿ ಕಳೆದ ಮೇಲೆ.

ಗ್ಯಾಸಿಗೆ ತನ್ನದೇ ವಾಸನೆ ಇಲ್ಲ ಎಂಬುದನ್ನು ಆಮೇಲೆ ಓದಿ ತಿಳಿದೆ. 1937ರ ಮಾರ್ಚ್ 18ರಂದು ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಸೋರಿದ ಗ್ಯಾಸ್ ಯಾರ ಮೂಗಿಗೂ ಸಿಗದೆ ತುಂಬಿಕೊಂಡು ಸ್ಫೋಟಿಸಿತು. ಸತ್ತವರು ಸುಮಾರು 300, ಹೆಚ್ಚಿನವರು ಮಕ್ಕಳು. ಅದಾದ ಮೇಲೆ ಗ್ಯಾಸಿಗೆ ನಾರುವ ಮರ್ಕ್ಯಾಪ್ಟನ್ ಬೆರೆಸುವುದು ಅಲ್ಲಿ ಕಾನೂನಾಯಿತು. ಅಷ್ಟು ಮಕ್ಕಳ ಜೀವದ ಬೆಲೆ ತೆತ್ತು ಬಂದ ವಾಸನೆ ಅದು. ಅಮ್ಮನ ಮೂಗಿಗೆ ಅದು ಬಂದಾಗ ನಾನು ಸುಮ್ಮನಿರು ಎಂದಿದ್ದೆ. ಇದನ್ನು ನೆನೆದರೆ ಇವತ್ತಿಗೂ ಎದೆ ಹಿಂಡುತ್ತದೆ.

ರಿಪೇರಿಯವರು ಸಿಕ್ಕಿದ್ದು ಒಂಬತ್ತು ದಿನದ ನಂತರ. ಹಿರಿಯರು, ಹೆಚ್ಚು ಮಾತಿಲ್ಲ. ಪೈಲಟ್ ಬಿಚ್ಚಿ, ಗಾಳಿ ಸೇರುವ ಸಣ್ಣ ತೂತಿನಿಂದ ಸೂಜಿಯ ತುದಿಯಲ್ಲಿ ಬೂದುಬಣ್ಣದ ಎಳೆಯೊಂದನ್ನು ಎಳೆದು ನನ್ನ ಅಂಗೈ ಮೇಲಿಟ್ಟರು. ಜೇಡರ ಬಲೆ. ಬೇಸಿಗೆಯೆಲ್ಲ ಪೈಲಟ್ ಆರಿಸಿಟ್ಟಿದ್ದಾಗ ಕಟ್ಟಿದ್ದು. ಗಾಳಿ ಸಾಲದೆ ಉರಿ ಹಳದಿಯಾಗಿ, ಬಾಗಿ, ಕಡ್ಡಿಗಳನ್ನು ಸರಿಯಾಗಿ ತಾಕುತ್ತಿರಲಿಲ್ಲ. ಆಮೇಲೆ ನಾನು ಜೋಡಿಸಿದ ಕೊರಡನ್ನು ಎತ್ತಿ ತೋರಿಸಿದರು: ಪೈಲಟ್‌ನಿಂದ ಬರ್ನರಿಗೆ ಬೆಂಕಿ ದಾಟುವ ಜಾಗಕ್ಕೇ ಅದು ಅಡ್ಡ ಬಿದ್ದಿತ್ತು, ಅಲ್ಲಿಯ ತೂತುಗಳನ್ನು ನನ್ನ ಕೆಂಡದ ಉಣ್ಣೆ ಮುಚ್ಚಿತ್ತು. ಉರಿ ತಾಕುವಷ್ಟರಲ್ಲಿ ಪೆಟ್ಟಿಗೆ ತುಂಬ ಗ್ಯಾಸ್. ಬಲೆ ತೆಗೆದು ಹೊತ್ತಿಸಿದಾಗ ಉರಿ ನೀಲಿಯಾಗಿ ನೆಟ್ಟಗೆ ನಿಂತಿತು. ಮೀಟರ್ 520 ತೋರಿಸಿತು. ಗಾಜು ಬದಲಾಗುವವರೆಗೆ ಹಚ್ಚಬೇಡಿ ಎಂದು ಅವರೇ ಗ್ಯಾಸ್ ಮುಚ್ಚಿದರು.

ಹೊರಡುವ ಮುನ್ನ ಕೆಳಗಿನ ಜಾಲರಿ ತೆಗೆದು ಒಳಗೆ ತೂಗುತ್ತಿದ್ದ ಸೂಚನೆಗಳ ತಗಡನ್ನು ತೋರಿಸಿದರು. ಹಚ್ಚುವ ಮುಂಚೆ ನೆಲದ ಹತ್ತಿರವೂ ಮೂಸಿ ನೋಡಿ. ಹತ್ತದಿದ್ದರೆ ಆಫ್ ಮಾಡಿ ಐದು ನಿಮಿಷ ಕಾಯಿರಿ. ನಾಬನ್ನು ಕೈಯಿಂದಲೇ ಒತ್ತಿ, ಯಾವ ಸಲಕರಣೆಯನ್ನೂ ಬಳಸಬೇಡಿ. ನಾನು ಮೀರಿದ್ದೆಲ್ಲ ಅಲ್ಲಿ ಅಚ್ಚಾಗಿತ್ತು. ಪೈಲಟ್ ಆರಿದಾಗಲೆಲ್ಲ ಆ ವಾಲ್ವ್ ನನ್ನ ಮನೆಯವರನ್ನು ಕಾಯುತ್ತಿತ್ತು. ನಾನು ಅದನ್ನು ಕೆಟ್ಟ ಯಂತ್ರವೆಂದುಕೊಂಡು ಇಕ್ಕಳ ಹಿಡಿದು ಸೋಲಿಸಲು ಹೊರಟಿದ್ದೆ.

ಅಮ್ಮನಲ್ಲಿ ಕ್ಷಮೆ ಕೇಳಿದೆ. "ಮಗು ಚೆನ್ನಾಗಿದೆಯಲ್ಲ, ಬಿಡು" ಎಂದಳು.

ಚಳಿನಾಡಿನಲ್ಲಿ ಹೊಸದಾಗಿ ಮನೆ ಮಾಡಿರುವ ನಮ್ಮವರಲ್ಲಿ ಒಂದು ಬೇಡಿಕೆ. ಮೊದಲ ಹಿಮ ಬೀಳುವ ಮೊದಲೇ ಮಂಡಿಯೂರಿ ಆ ತಗಡನ್ನು ಓದಿ. ಪೈಲಟ್‌ನ ಉರಿ ಹಳದಿಯಿದ್ದರೆ, ಎರಡು ಸಲಕ್ಕೆ ಹತ್ತದಿದ್ದರೆ, ಕೈ ಹಿಂತೆಗೆದು ತಿಳಿದವರನ್ನು ಕರೆಸಿ. ಮಕ್ಕಳನ್ನು ದೂರ ಕೂರಿಸಿ. ಸೆಪ್ಟೆಂಬರ್‌ನಲ್ಲೇ ಕರೆಸಿ, ಜನವರಿಯಲ್ಲಿ ಅವರು ಸಿಗಲು ಒಂಬತ್ತು ದಿನ ಬೇಕು.