ಬೆರಳ ತುದಿಯ ಅರಿವು

ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠಾಪನೆಗೊಂಡಿತು. ಅಲ್ಲಿಯ ಮದನಿಕೆಯರ ಕೊರಳ ಹಾರವನ್ನೂ ಬೆರಳ ಉಂಗುರವನ್ನೂ ಕಂಡವರು ಶಿಲ್ಪಿಯ ಕಣ್ಣನ್ನು ಹೊಗಳುತ್ತಾರೆ. ಅವನ ಬೆರಳನ್ನು ನೆನೆಯುವವರು ವಿರಳ. ಬಳಪದ ಕಲ್ಲಿನಲ್ಲಿ ಉಳಿ ಎಷ್ಟು ಆಳಕ್ಕೆ ಇಳಿಯಿತೆಂಬುದನ್ನು ದಾಸೋಜನಂಥ ಶಿಲ್ಪಿಗೆ ತಿಳಿಸುತ್ತಿದ್ದುದು ಬೆರಳ ತುದಿಯ ಅರಿವು. ಹಳೇಬೀಡಿನ ಗೋಡೆಗಳ ಆನೆಸಾಲುಗಳೂ ಅಂಥ ಅಸಂಖ್ಯ ಬೆರಳುಗಳ ಕೃತಿಯೇ. ಇಂದು ಅರಸೀಕೆರೆಯ ತೋಟಗಳಲ್ಲಿ ತೆಂಗಿನಕಾಯಿ ಸುಲಿಯುವ ಕೈಗಳೂ ಇದೇ ಅರಿವನ್ನು ನಂಬಿ ದುಡಿಯುತ್ತವೆ.

ಈ ಅರಿವನ್ನು ಹೊತ್ತು ತರುವವು ನರಗಳು. ಮುಂಗೈಯ ಮೇಲೆ ಉಬ್ಬಿ ಕಾಣುವ ನೀಲಿ ಗೆರೆಗಳನ್ನು ಜನರು ನರಗಳೆನ್ನುವುದುಂಟು, ಅವು ರಕ್ತನಾಳಗಳು. ನಿಜವಾದ ನರವು ಸ್ನಾಯುಗಳ ನಡುವೆ ಅಡಗಿರುವ ಬೆಳ್ಳನೆಯ ಹುರಿ. ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಒಂದು ನರ ಅದುಮಿಕೊಂಡರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತವೆ. ಮೊಣಕೈಯ ಹಿಂದೆ ಮತ್ತೊಂದು ಸಿಕ್ಕಿಕೊಂಡರೆ ಕಿರುಬೆರಳು ಮರಗಟ್ಟುತ್ತದೆ. ಪೆಟ್ಟು, ಸಿಹಿಮೂತ್ರ ರೋಗ, ಕುಷ್ಠ, ಗಂಟುಗಳು ಸಹ ನರವನ್ನು ಕೆಡಿಸುತ್ತವೆ. ನೋವು ತಿಳಿಯದಿರುವುದೇ ಇಲ್ಲಿ ದೊಡ್ಡ ಅಪಾಯ. ಬಿಸಿ ಪಾತ್ರೆ ಸುಟ್ಟರೂ ಅಂಥ ಕೈ ಹಿಂದೆ ಸರಿಯದು.

ಕಾಯಿ ಸುಲಿಯುವವನೊಬ್ಬನ ಕಿರುಬೆರಳು ಹೀಗೆ ಮರಗಟ್ಟಿತೆಂದು ಭಾವಿಸಬಹುದು. ಆಯಾಸವೆಂದು ಬಗೆದು, ಎಣ್ಣೆ ತಿಕ್ಕಿಕೊಂಡು ಅವನು ತಿಂಗಳುಗಳನ್ನು ಕಳೆಯುತ್ತಾನೆ. ಕಾಯಿ ಕೈಜಾರತೊಡಗಿದಾಗ ವೈದ್ಯರ ಬಳಿಗೆ ಹೋಗುತ್ತಾನೆ. ಅವರು ಅವನ ಕಣ್ಣು ಮುಚ್ಚಿಸಿ ಬೆರಳಿಗೆ ಹತ್ತಿಯನ್ನು ಸೋಕಿಸುತ್ತಾರೆ. ಮೊಣಕೈಯ ಹಿಂದೆ ನರ ದಪ್ಪಗಾಗಿದೆಯೇ ಎಂದು ಮುಟ್ಟಿ ನೋಡುತ್ತಾರೆ. ಬಳಿಕ ವಿದ್ಯುತ್ ಪರೀಕ್ಷೆಯಿಂದ ನರದ ವೇಗವನ್ನು ಅಳೆಯುತ್ತಾರೆ. ಆರೋಗ್ಯವಂತರ ತೋಳಿನಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 50ರಿಂದ 60 ಮೀಟರು ಓಡುತ್ತದೆ. ಓಟ ಕುಂಠಿತವಾಗಿದೆಯೆಂದು ಈ ಪರೀಕ್ಷೆ ಹೇಳಬಲ್ಲುದು. ಹಾದಿಗೆ ಅಡ್ಡವಾದುದು ಯಾವುದೆಂದು ಎಲ್ಲ ವೇಳೆಯಲ್ಲೂ ಹೇಳಲಾರದು.

ಅಲ್ಲಿ ನೆರವಿಗೆ ಬರುವುದು ಎಂ.ಆರ್.ಐ., ಅಂದರೆ ಕಾಂತೀಯ ಅನುರಣನ ಚಿತ್ರಣ. ಅನೇಕ ಆಸ್ಪತ್ರೆಗಳಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಬಲವು ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಅದರೊಳಗೆ ದೇಹದ ನೀರಿನಲ್ಲಿರುವ ಹೈಡ್ರೋಜನ್ ಬೀಜಕಣಗಳು ರೇಡಿಯೋ ತರಂಗಗಳಿಗೆ ಓಗೊಡುತ್ತವೆ. ಆ ದನಿಯನ್ನು ಗಣಕಯಂತ್ರ ಚಿತ್ರವಾಗಿಸುತ್ತದೆ. ಇಂಥ ಚಿತ್ರವನ್ನು 1973ರಲ್ಲಿ ಪ್ರಕಟಿಸಿದ ಪಾಲ್ ಲಾಟರ್ಬರ್ ಅವರಿಗೂ, ವಿಧಾನವನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1990ರ ದಶಕದಲ್ಲಿ ನರಗಳನ್ನೇ ಬಿಡಿಸಿ ತೋರಿಸುವ ವಿಧಾನವು ರೂಪುಗೊಂಡಿತು. ಸುತ್ತಲಿನ ಕೊಬ್ಬಿನ ಹೊಳಪನ್ನು ಅಡಗಿಸಿದಾಗ, ಊದಿಕೊಂಡು ನೀರು ತುಂಬಿದ ನರವು ಬೆಳಗಿ ಕಾಣುತ್ತದೆ. ಅದು ಎಲ್ಲಿ ಅದುಮಿದೆ, ಎಲ್ಲಿ ಹರಿದಿದೆ, ಯಾವ ಗಂಟು ಒತ್ತಿದೆ ಎಂಬುದನ್ನು ಚರ್ಮವನ್ನು ಕೊಯ್ಯದೆಯೇ ಅರಿಯಬಹುದು. ಇದರಲ್ಲಿ ಕ್ಷಕಿರಣದ ಬಳಕೆಯಿಲ್ಲ. ಆದರೆ ದೇಹದಲ್ಲಿ ಲೋಹದ ತುಂಡೋ ಹೃದಯದ ಗತಿಕಾರಕವೋ ಇದ್ದರೆ ಮೊದಲೇ ತಿಳಿಸಲೇಬೇಕು.

ಯಂತ್ರವು ನರದ ರೂಪವನ್ನು ತೋರುತ್ತದೆ. ನಡೆಯನ್ನು ವಿದ್ಯುತ್ ಪರೀಕ್ಷೆ ತಿಳಿಸುತ್ತದೆ. ಎಲ್ಲಿ ನೋಡಬೇಕೆಂಬುದನ್ನು ವೈದ್ಯರ ಬೆರಳು ನಿರ್ಧರಿಸುತ್ತದೆ. ಇವೆಲ್ಲಕ್ಕೂ ಮೊದಲು ರೋಗಿ ಬಾಯಿಬಿಟ್ಟು ಹೇಳಬೇಕು. ಹೇಳಲು ಆಯಾಸದ ನೆಪ ಅಡ್ಡಬರುತ್ತದೆ. ಕುಷ್ಠವಿರಬಹುದೆಂಬ ನಾಚಿಕೆಯೂ ಅಡ್ಡಬರುತ್ತದೆ. ಕುಷ್ಠ ಔಷಧದಿಂದ ವಾಸಿಯಾಗುವ ರೋಗ. ಆದರೆ ತಡವಾದರೆ ಕಳೆದುಹೋದ ಸ್ಪರ್ಶ ಮರಳುವ ಭರವಸೆಯಿಲ್ಲ. ಹಾನಿಗೊಂಡ ನರದ ಎಳೆ ಮತ್ತೆ ಬೆಳೆದರೂ ದಿನಕ್ಕೆ ಸುಮಾರು ಒಂದು ಮಿಲಿಮೀಟರು ಮಾತ್ರ. ಮೊಣಕೈಯಿಂದ ಕಿರುಬೆರಳ ತುದಿ ಮುಟ್ಟಲು ವರ್ಷವೇ ಹಿಡಿಯಬಹುದು. ಅಷ್ಟರಲ್ಲಿ ಸ್ನಾಯು ಸೊರಗಿರುತ್ತದೆ.

ಹಳೇಬೀಡಿನಲ್ಲಿ ಕೈ ಮುರಿದ ವಿಗ್ರಹಗಳು ಹಲವಿವೆ. ಕಲ್ಲಿನ ಕೈಗೆ ನೋವಿಲ್ಲ. ದುಡಿಯುವ ಕೈಗೆ ನೋವು ತಿಳಿಯುತ್ತದೆ. ಅದು ತಿಳಿಯುವುದು ನಿಂತ ದಿನವೇ ಎಚ್ಚೆತ್ತು ವೈದ್ಯರಲ್ಲಿಗೆ ನಡೆಯುವುದು ವಿವೇಕ.